ಗಿಡದಾಗ ಗಿಣಿ ಇಲ್ಲ

ಹತ್ರ ಬರ್ರಿ. ಇನ್ನೂ ಹತ್ರ ಬರ್ರಿ. ಹಿಂದ ಕುಂತವರು ಗುಸುಗುಸು ಅನ್ನಬ್ಯಾಡ್ರಿ. ಹ್ಞೂಂ ಅನ್ನಾಕ ಒಬ್ಬರು ಬೇಕು, ಇಲ್ಲಂದ್ರ ನನ್ನ ಕಥಿ ಮುಂದಕ ಹೋಗಂಗಿಲ್ಲ. ಹ್ಞೂಂ ಅಂತೀರೇನು? ಹಂಗಾದ್ರ ಕೇಳ್ರಿ.

ಒಂದು ನೇಕಾರ ಓಣಿ. ಓಣಿ ತುಂಬ ಮಗ್ಗ. ಖಟಕ್ ಪಟಕ್, ಖಟಕ್ ಪಟಕ್. ಆ ಓಣ್ಯಾಗ ಬನವ್ವ ಅಂತ ಒಬ್ಬಾಕಿ ಹುಡುಗಿ. ಮೂರನೇ ಇಯತ್ತೆ. ಎರಡು ಜಡಿ, ಮುಂದ ಒಂದು ಹಲ್ಲಿಲ್ಲ, ಬಾಯಿ ಮಾತ್ರ ಬಡಬಡ ಬಡಬಡ.

ಆ ಓಣ್ಯಾಗ ಒಂದು ಪದ್ಧತಿ. ಮನಿಗೊಂದು ರಂಗೋಲಿ. ಒಬ್ಬರ ಮನಿದು ನವಿಲು, ಒಬ್ಬರ ಮನಿದು ಕಮಲ. ದಿನಾ ಬೆಳಿಗ್ಗೆ ಅದನ್ನ ಹಾಕೂದು, ಬ್ಯಾರೆ ಹಾಕಂಗಿಲ್ಲ. ಮನಿ ನಂಬರ ಯಾರೂ ಕೇಳಂಗಿಲ್ಲ. ರಂಗೋಲಿ ನೋಡೂದು, ಒಳಗ ಹೋಗೂದು. ಬನವ್ವನ ಮನಿದು ಲಾಳಿ ರಂಗೋಲಿ, ಮಗ್ಗದಾಗ ನೂಲು ಹೊತ್ತು ಅತ್ತಿಂದಿತ್ತ ಓಡೂ ಲಾಳಿ. ಒಂಬತ್ತು ಚುಕ್ಕಿ, ಒಂದ ಗೀಟು. ಅವ್ವ ಕೈ ಎತ್ತದ ಎಳಿಯಾಕಿ.

ಅವ್ವನ ಫೋನಿನಾಗ ಬನವ್ವಗ ಒಂದು ಆಟ ಇತ್ತು. ಆಟದಾಗ ಒಂದು ಗಿಡ. ಗಿಡದಾಗ ಒಂದು ಗಿಣಿ. ಗಿಣಿ ಹೆಸರು ಗೆಜ್ಜಿ. ಉಗಾದಿಯಿಂದ ಬನವ್ವ ಅದನ್ನ ಸಾಕಿದ್ಳು. ಸಾಲಿಯಿಂದ ಬಂದ ಕೂಡ್ಲೆ ಪ್ಯಾರಲ ಹಣ್ಣು ತಿನಸಾಕಿ. ಹಣ್ಣು ತಿಂದು ಗಿಣಿ "ಬನವ್ವಾ" ಅಂತಿತ್ತು. ಅಷ್ಟ ಸಾಕು, ಆಕಿಗೆ ಹೊಟ್ಟಿ ತುಂಬತಿತ್ತು.

ಗಿಡಕ್ಕ ಒಂದು ಗುಟ್ಟಿನ ಬೀಗ ಹಾಕು ಅಂತ ಆಟ ಹೇಳಿತ್ತು. ಒಂಬತ್ತು ಚುಕ್ಕಿ ಕೊಟ್ಟು, ಗೀಟು ಎಳಿ, ಯಾರಿಗೂ ತೋರಸಬ್ಯಾಡ ಅಂದಿತ್ತು. ಒಂಬತ್ತು ಚುಕ್ಕಿ ಕಂಡ ಕೂಡ್ಲೆ ಬನವ್ವನ ಕೈ ತಾನ ಓಡ್ತು. ಲಾಳಿ ರಂಗೋಲಿ ಎಳೀತು. ನೋಡ್ರಿ ಮತ್ತ! ಬೀಗದ ಕೈ ಬಾಗಿಲ ಮುಂದ ಬರದಿಟ್ಟಂಗಾತು.

ಒಂದಿನ ಆಟದಾಗ ಒಂದು ಗೆಳತಿ ಸಿಕ್ತು. ಹೆಸರು ಬೆಲ್ಲದಚ್ಚು. ಮಾರಿ ಕಾಣಂಗಿಲ್ಲ, ದನಿ ಕೇಳಂಗಿಲ್ಲ, ಬರೇ ಅಕ್ಷರ. ನಾನೂ ಮೂರನೇ ಇಯತ್ತೆ ಅಂತು. ನಿನ್ನ ಗಿಣಿ ಭಾಳ ಚಂದ ಅಂತು. ನಿನ್ನಂಥ ಶಾಣ್ಯಾ ಹುಡುಗಿ ಎಲ್ಲೂ ಇಲ್ಲ ಅಂತು. ಹೊಗಳಿದ್ರ ಯಾರು ಉಬ್ಬಂಗಿಲ್ಲ? ನಾನೂ ಉಬ್ತೀನಿ, ನೀವೂ ಉಬ್ತೀರಿ. ಬನವ್ವ ಪೂರಿಯಂಗ ಉಬ್ಬಿದ್ಳು. ಗಿಡದ ಬೀಗ ಯಾವುದು ಅಂತ ಬೆಲ್ಲದಚ್ಚು ಕೇಳ್ತು. ನಮ್ಮ ಮನಿ ರಂಗೋಲಿ ಅಂತ ಈಕಿ ಬರದ್ಳು. ರಂಗೋಲಿ ತೋರಸು ಅಂತು. ಈಕಿ ಫೋಟೋ ತಗದು ಕಳಸಿದ್ಳು.

ಮರುದಿನ ರವಿವಾರ. ಮಧ್ಯಾಹ್ನ ಬನವ್ವ ಫೋನ್ ತಗದ್ಳು. ಆಟ ತಗದ್ಳು. ಗಿಡ ಐತಿ. ಎಲಿ ಐತಿ. ಗಿಡದಾಗ ಗಿಣಿ ಇಲ್ಲ.

ಕೆಳಗ ಬೆಲ್ಲದಚ್ಚು ಬರದಿತ್ತು: "ನಿನ್ನ ಗಿಣಿ ನನ್ನ ಕಡೆ ಐತಿ. ಸಾಲಿ ಅಂಗಿ ಹಾಕ್ಕೊಂಡು ಒಂದು ಫೋಟೋ ಕಳಸು. ಹೊತ್ತು ಮುಳುಗೂದರೊಳಗ ಕಳಸು. ಅವ್ವಗ ಹೇಳಬ್ಯಾಡ. ಹೇಳಿದ್ರ ಗಿಣಿ ಸಿಗಂಗಿಲ್ಲ."

ಬನವ್ವ ಅದನ್ನ ಎರಡು ಸಲ ಓದಿದ್ಳು. ಬಡಬಡ ಬಾಯಿ ಬಂದ್ ಆತು. ರೊಟ್ಟಿ ತುತ್ತು ಸಿಕ್ಕಂಗ ಮಾತು ಗಂಟಲಾಗ ಸಿಕ್ಕೊಂತು. ಫೋನನ್ನ ಗ್ವಾಡಿ ಮಾಡದಾಗ ಇಟ್ಟು ಅವ್ವನ ಹತ್ರ ಓಡಿದ್ಳು.

ಅವ್ವ ಮಗ್ಗದ ಕುಣಿಯೊಳಗ ಕಾಲು ಬಿಟ್ಟು ಕುಂತಿದ್ಳು. ಮದುವಿ ಸೀರಿ, ನಾಡಿದ್ದು ಕೊಡಬೇಕು. ಕೆಂಪು ನೂಲು ಮುಗದಿತ್ತು. ಕೈಯಾಗ ಬರೀ ಲಾಳಿ, ಮಾರಿ ಮ್ಯಾಲ ಸಿಟ್ಟು.

"ಅವ್ವಾ, ಒಂದು ಮಾತೈತಿ," ಅಂದ್ಳು ಬನವ್ವ. "ಗಿಡದಾಗ ಗಿಣಿ ಇಲ್ಲ. ನನ್ನ ಮಾತು ಗಂಟಲಾಗ ಐತಿ."

ಯಾವ ಗಿಡ, ಯಾವ ಗಿಣಿ, ಅವ್ವ ಕೇಳಲಿಲ್ಲ. ತಲಿ ಎತ್ತಲಿಲ್ಲ. ಲಾಳಿಯೊಳಗ ಕಂಡಿಕಿ ಇಲ್ಲ ಅಂದ್ಳು. ಕಂಡಿಕಿ ಅಂದ್ರ ನೂಲು ಸುತ್ತಿದ ಸಣ್ಣ ಕಡ್ಡಿ, ನಿಮ್ಮ ಬೆರಳಿನಷ್ಟು. ಅದಿಲ್ಲಂದ್ರ ಮಗ್ಗ ಮೂಕ. "ಅಜ್ಜಿ ಕಡೆ ಹೋಗು, ಕಂಡಿಕಿ ತಾ. ಮಾತು ಆಮ್ಯಾಲ," ಅಂದ್ಳು.

ಬನವ್ವ ಓಡಿದ್ಳು. ಪಡಸಾಲ್ಯಾಗ ಅಜ್ಜಿ ರಾಟಿ ಮುಂದ ಕುಂತಿದ್ಳು. ಅಜ್ಜಿಗೆ ಒಂದು ಕಣ್ಣು ಮಂಜು, ಒಂದು ಕಣ್ಣು ಚೂಪು.

"ಅಜ್ಜೀ, ಒಂದು ಮಾತೈತಿ. ಗಿಡದಾಗ ಗಿಣಿ ಇಲ್ಲ. ಅವ್ವಗ ಕಂಡಿಕಿ ಇಲ್ಲ. ನನ್ನ ಮಾತು ಗಂಟಲಾಗ ಐತಿ."

ಅಜ್ಜಿಗೆ ಕಂಡಿಕಿ ಅಷ್ಟ ಕೇಳ್ತು. ನೂಲಿಲ್ಲದ ಏನು ಸುತ್ತಲಿ, ನನ್ನ ಬಿಳಿ ಕೂದಲು ಸುತ್ತಲೇನು ಅಂತ ಬೈದ್ಳು. ಬಣ್ಣದ ತಿಪ್ಪಣ್ಣನ ಕಡೆ ಹೋಗು, ಕೆಂಪು ನೂಲು ತಾ, ಮಾತು ಆಮ್ಯಾಲ ಅಂದ್ಳು.

ಬನವ್ವ ಓಡಿದ್ಳು. ಬಣ್ಣದ ತಿಪ್ಪಣ್ಣ ಹಿತ್ತಲದಾಗ ನಿಂತಿದ್ದ. ಮೊಣಕೈ ತನಕ ಕೆಂಪು. ಮೂಗಿನ ತುದಿನೂ ಕೆಂಪು, ಕೆರಕೊಂಡಿದ್ದ. ಮುಂದ ದೊಡ್ಡ ಹಂಡೆ, ಹಂಡೆ ಕೆಳಗ ತಣ್ಣನ ಬೂದಿ.

"ಕಾಕಾ, ಒಂದು ಮಾತೈತಿ. ಗಿಡದಾಗ ಗಿಣಿ ಇಲ್ಲ. ಅವ್ವಗ ಕಂಡಿಕಿ ಇಲ್ಲ. ಅಜ್ಜಿಗೆ ನೂಲಿಲ್ಲ. ನನ್ನ ಮಾತು ಗಂಟಲಾಗ ಐತಿ."

ತಿಪ್ಪಣ್ಣಗ ನೂಲು ಅಷ್ಟ ಕೇಳ್ತು. ನೀರು ಕುದೀದ ಬಣ್ಣ ಹತ್ತಂಗಿಲ್ಲ, ಕಟಗಿ ಇಲ್ಲದ ನೀರು ಕುದಿಯಂಗಿಲ್ಲ, ನಾ ಏನು ಮಾಡ್ಲಿ ಅಂದ. ಕಟಗಿ ಅಡ್ಡೆ ಹುಲಿಗೆವ್ವನ ಕಡೆ ಹೋಗು, ಕಟಗಿ ಕಳಸು ಅಂತ ಹೇಳು, ಮಾತು ಆಮ್ಯಾಲ ಅಂದ.

ಹೊತ್ತು ನೆತ್ತಿ ಬಿಟ್ಟು ಇಳೀತು. ಬನವ್ವ ಓಡಿದ್ಳು. ಹುಲಿಗೆವ್ವ ಕಟಗಿ ರಾಶಿ ಮ್ಯಾಲ ರಾಣಿಯಂಗ ಕುಂತಿದ್ಳು. ಬಾಯಿ ತುಂಬ ಎಲಿ ಅಡಿಕಿ.

"ದೊಡ್ಡವ್ವಾ, ಒಂದು ಮಾತೈತಿ. ಗಿಡದಾಗ ಗಿಣಿ ಇಲ್ಲ. ಅವ್ವಗ ಕಂಡಿಕಿ ಇಲ್ಲ. ಅಜ್ಜಿಗೆ ನೂಲಿಲ್ಲ. ತಿಪ್ಪಣ್ಣಗ ಕಟಗಿ ಇಲ್ಲ. ನನ್ನ ಮಾತು ಗಂಟಲಾಗ ಐತಿ."

ಹುಲಿಗೆವ್ವಗ ಕಟಗಿ ಅಷ್ಟ ಕೇಳ್ತು. ಎಲಿ ಉಗುಳಿ, ಬಾಯಿ ಒರಸ್ಕೊಂಡು, ಕಟಗಿ ಬೆಟ್ಟದಷ್ಟೈತಿ, ಒಯ್ಯಾಕ ಗಾಡಿ ಎಲ್ಲೈತಿ ಅಂದ್ಳು. ಟಂಟಂ ಗವಿಸಿದ್ದನ್ನ ಕರಕೊಂಡು ಬಾ, ಮಾತು ಆಮ್ಯಾಲ ಅಂದ್ಳು.

ಬನವ್ವ ಓಡಿದ್ಳು. ಕಾಲು ನೋಯ್ತು. ಗಂಟಲು ಇನ್ನೂ ನೋಯ್ತು. ಬೇವಿನ ಗಿಡದ ಕೆಳಗ ಗವಿಸಿದ್ದನ ಮೂರು ಗಾಲಿ ಟಂಟಂ ಓರಿ ಆಗಿ ನಿಂತಿತ್ತು. ಎರಡು ಗಾಲಿ ಗುಂಡಗ, ಒಂದು ಗಾಲಿ ಚಪಾತಿ. ಗವಿಸಿದ್ದ ಪಕ್ಕದಾಗ ಕುಂತು ಅದನ್ನ ನೋಡಾಕತ್ತಿದ್ದ, ನೋಡಿದ್ರ ಉಬ್ಬತೈತಿ ಅನ್ನೂವಂಗ.

ಈಗ ನೀವೂ ಹೇಳ್ರಿ ನನ್ನ ಕೂಡ.

"ಮಾಮಾ, ಒಂದು ಮಾತೈತಿ. ಗಿಡದಾಗ ಗಿಣಿ ಇಲ್ಲ. ಅವ್ವಗ ಕಂಡಿಕಿ ಇಲ್ಲ. ಅಜ್ಜಿಗೆ ನೂಲಿಲ್ಲ. ತಿಪ್ಪಣ್ಣಗ ಕಟಗಿ ಇಲ್ಲ. ಹುಲಿಗೆವ್ವಗ ಗಾಡಿ ಇಲ್ಲ. ನನ್ನ ಮಾತು ಗಂಟಲಾಗ ಐತಿ."

ಗವಿಸಿದ್ದಗ ಗಾಡಿ ಅಷ್ಟ ಕೇಳ್ತು. ಗಾಡಿ ಐತಿ, ಗಾಲಿಯೊಳಗ ಗಾಳಿ ಇಲ್ಲ ಅಂದ. ಪಂಚರ್ ಅಂಗಡಿ ಹಸೀನಾಕ್ಕನ್ನ ಕರಿ, ಮಾತು ಆಮ್ಯಾಲ ಅಂದ.

ನೋಡ್ರಿ, ಇವರ್ಯಾರೂ ಕೆಟ್ಟವರಲ್ಲ. ಬನವ್ವ ಅಂದ್ರ ಎಲ್ಲಾರಿಗೂ ಪ್ರೀತಿ. ಆದ್ರ ಕೆಲಸ ಕೈ ಹಿಡದ್ರ ಕಿವಿ ಮುಚ್ಚತೈತಿ, ದೊಡ್ಡವರ ಹಣೆಬರಹ ಅದು. ಹೊತ್ತು ಮಾತ್ರ ಕಾಯಂಗಿಲ್ಲ. ಬನವ್ವನ ನೆರಳು ಆಕಿಗಿಂತ ಉದ್ದ ಆತು. ಒಂದ ಫೋಟೋ ಅಲ್ಲೇನು, ಕಳಿಸಿಬಿಡ್ಲೇನು ಅಂತ ಮನಸ್ಸು ಅಂತು. ಸಾಲಿ ಅಂಗಿ ಹಗ್ಗದ ಮ್ಯಾಲ ಒಣಗಿರ್ತೈತಿ ಅಂತ ಮನಸ್ಸು ಅಂತು. ಹೊಟ್ಟಿಯೊಳಗಿಂದ ಒಂದು ದನಿ ಮಾತ್ರ ಬ್ಯಾಡ ಬ್ಯಾಡ ಅಂತು. ಬನವ್ವ ಹೊಟ್ಟಿ ಮಾತು ಕೇಳಿದ್ಳು. ಓಡಿದ್ಳು.

ಹಸೀನಾಕ್ಕ ಅಂಗಡಿ ಮುಂದ ಕುಂತಿದ್ಳು. ಕೈ ಎಲ್ಲ ಕರಿ ಎಣ್ಣಿ. ಮುಂದ ನೀರಿನ ಬೋಗಾಣಿ, ನೀರಿನಾಗ ಸೈಕಲ್ ಟ್ಯೂಬ್. ಟ್ಯೂಬ್ ತಿರುವಿ ತಿರುವಿ ನೋಡ್ತಿದ್ಳು. ಎಲ್ಲಿ ಗುಳುಗುಳು ಅಂತೈತೋ ಅಲ್ಲಿ ತೂತು.

ಬನವ್ವ ಏದುಸಿರು ಬಿಟ್ಟು ನಿಂತ್ಳು.

"ಅಕ್ಕಾ, ಒಂದು ಮಾತೈತಿ. ಗಿಡದಾಗ ಗಿಣಿ ಇಲ್ಲ. ಅವ್ವಗ ಕಂಡಿಕಿ ಇಲ್ಲ. ಅಜ್ಜಿಗೆ ನೂಲಿಲ್ಲ. ತಿಪ್ಪಣ್ಣಗ ಕಟಗಿ ಇಲ್ಲ. ಹುಲಿಗೆವ್ವಗ ಗಾಡಿ ಇಲ್ಲ. ಗವಿಸಿದ್ದಗ ಗಾಳಿ ಇಲ್ಲ. ನನ್ನ ಮಾತು ಗಂಟಲಾಗ ಐತಿ."

ಹಸೀನಾಕ್ಕ ಟ್ಯೂಬ್ ತಿರುವೂದು ನಿಲ್ಲಿಸಿದ್ಳು. ತಲಿ ಎತ್ತಿದ್ಳು. ಎಲ್ಲಾರಿಗೂ ಕಡೀಗಿನ ಕೆಲಸದ ಮಾತು ಕೇಳಿತ್ತು. ಈಕಿಗೆ ಮೊದಲನೇ ಮಾತು ಕೇಳ್ತು. ಆಕಿ ಕೆಲಸಾನ ಅಂಥಾದ್ದು. ಗಾಳಿ ಹಾಕೂದು ಕಡೀಗೆ, ತೂತು ಹುಡುಕೂದು ಮೊದಲ.

"ಬನವ್ವಾ," ಅಂದ್ಳು, "ಮಾರಿ ಯಾಕ ಇಷ್ಟ ಸಣ್ಣದು ಮಾಡ್ಕೊಂಡಿ? ಗಿಣಿ ಯಾಕಿಲ್ಲ? ಅದನ್ನ ಹೇಳು ಮೊದಲ."

ಟ್ಯೂಬ್ ಕೆಳಗಿಟ್ಳು. ಕೈ ಒರಸ್ಕೊಂಡ್ಳು. ಹುಡುಗಿ ಮಾರಿಗೆ ಮಾರಿ ಆಗೂವಂಗ ಕುಕ್ಕರಗಾಲಿಲೆ ಕುಂತ್ಳು.

ಆಗ ಬನವ್ವ ಅತ್ತಳು ನೋಡ್ರಿ. ಗೊಳೋ ಅಂತ ಅತ್ತಳು. ಅಳಕೋತ ಹೇಳಿದ್ಳು. ಬೆಲ್ಲದಚ್ಚಿಂದು ಹೇಳಿದ್ಳು, ಬೀಗ ಹೇಳಿದ್ಳು, ರಂಗೋಲಿ ಫೋಟೋ ಹೇಳಿದ್ಳು, ಸಾಲಿ ಅಂಗಿ ಹೇಳಿದ್ಳು. ಅವ್ವಗ ಹೇಳಬ್ಯಾಡ ಅಂದೈತಿ ಅನ್ನೂದನ್ನೂ ಹೇಳಿದ್ಳು. ಗಂಟಲು ಬಿಚ್ಚಿತು. ಉಸಿರು ಬಂತು.

ಹಸೀನಾಕ್ಕ ಬೈಯಲಿಲ್ಲ. ಯಾಕ ಕೊಟ್ಟಿ, ಯಾಕ ಬರದಿ ಅನ್ನಲಿಲ್ಲ. ಸಾಲಿ ಅಂಗಿ ಫೋಟೋ ಕಳಸೀಯೇನು ಅಂತ ಕೇಳಿದ್ಳು. ಇಲ್ಲ ಅಂದ್ಳು ಬನವ್ವ. ಹಸೀನಾಕ್ಕ ಉಶ್ ಅಂದ್ಳು.

"ತಪ್ಪು ನಿಂದಲ್ಲ," ಅಂದ್ಳು. "ಅದು ಮೂರನೇ ಇಯತ್ತೆನೂ ಅಲ್ಲ, ಗೆಳತಿನೂ ಅಲ್ಲ. ಯಾರೋ ಸಣ್ಣವರ ವೇಷ ಹಾಕ್ಕೊಂಡು ಬಂದಾರ. ಅವ್ವಗ ಹೇಳಬ್ಯಾಡ ಅಂತ ಯಾರರ ಅಂದ್ರ, ಅದನ್ನ ಮೊದಲ ಅವ್ವಗ ಹೇಳಬೇಕು ಅಂತ ತಿಳ್ಕೋ. ನಡಿ, ನಾ ಬರ್ತೀನಿ."

ಕೈ ಕೈ ಹಿಡದು ಇಬ್ಬರೂ ಹೊಂಟ್ರು.

ಬೇವಿನ ಗಿಡದ ಕೆಳಗ ಗವಿಸಿದ್ದ ಗಾಳಿ ಎಲ್ಲಿ ಅಂತ ಕೇಳಿದ. ಹಸೀನಾಕ್ಕ ಬನವ್ವನ ಮಾರಿ ನೋಡಿದ್ಳು, ಹೇಳ್ತೀಯೇನು ಅನ್ನೂವಂಗ. ಬನವ್ವ ಹೇಳಿದ್ಳು. "ನನ್ನ ಗಿಣಿ ಕದ್ದಾರ. ನನ್ನ ಫೋಟೋ ಕೇಳ್ಯಾರ. ಅವ್ವಗ ಹೇಳಬ್ಯಾಡ ಅಂದಾರ." ಈ ಸಲ ಅಳು ಅರ್ಧ ಬಂತು. ಗವಿಸಿದ್ದ ಎದ್ದು ನಿಂತ. ಗಾಳಿ ಆಮ್ಯಾಲ, ಮಾತು ಮೊದಲ ಅಂದ. ಮೂರೂ ಮಂದಿ ಹೊಂಟ್ರು.

ಹುಲಿಗೆವ್ವ ಗಾಡಿ ಎಲ್ಲಿ ಅಂದ್ಳು. ಬನವ್ವ ಹೇಳಿದ್ಳು. ಅಳು ಕಣ್ಣಂಚಿಗೆ ಅಷ್ಟ ಬಂತು. ಹುಲಿಗೆವ್ವ ಸರಸರ ರಾಶಿ ಇಳಿದ್ಳು, ಆ ಮೈಯಿಗೆ ಅಷ್ಟು ಜೋರು ಇಳಿದದ್ದನ್ನ ಯಾರೂ ಕಂಡಿರಲಿಲ್ಲ. ಗಾಡಿ ಆಮ್ಯಾಲ, ಮಾತು ಮೊದಲ ಅಂದ್ಳು. ನಾಕು ಮಂದಿ ಹೊಂಟ್ರು.

ತಿಪ್ಪಣ್ಣ ಕಟಗಿ ಎಲ್ಲಿ ಅಂದ. ಬನವ್ವ ಹೇಳಿದ್ಳು. ಅಳು ಬರಲಿಲ್ಲ. ತಿಪ್ಪಣ್ಣ ತನ್ನ ಕೆಂಪು ಕೈ ನೋಡ್ಕೊಂಡ, ನಾಚಿದ. ಇಷ್ಟೊತ್ತು ಈಕಿನ್ನ ಓಡಿಸಿದ್ನಲ್ಲ ಅಂದ. ಕಟಗಿ ಆಮ್ಯಾಲ, ಮಾತು ಮೊದಲ ಅಂದ. ಐದು ಮಂದಿ ಹೊಂಟ್ರು.

ಅಜ್ಜಿ ನೂಲು ಎಲ್ಲಿ ಅಂದ್ಳು. ಬನವ್ವ ಹೇಳಿದ್ಳು, ಸಾಲ್ಯಾಗ ಪಾಠ ಒಪ್ಪಿಸಿದಂಗ ಹೇಳಿದ್ಳು. ಅಜ್ಜಿ ಚೂಪು ಕಣ್ಣಾಗೂ ನೀರು ಬಂತು. ರಾಟಿ ಬದಿಗೆ ಸರಸಿದ್ಳು. ನೂಲು ಆಮ್ಯಾಲ, ಮಾತು ಮೊದಲ ಅಂದ್ಳು. ಆರು ಮಂದಿ ಆದ್ರು.

ಆರು ಮಂದಿ ಮಗ್ಗದ ಮುಂದ ಬಂದು ನಿಂತ್ರು. ಅವ್ವ ಗಾಬರಿ ಆದ್ಳು. ಕಂಡಿಕಿ ಎಲ್ಲಿ ಅಂತ ಅನ್ನಾಕ ಬಾಯಿ ತಗದ್ಳು, ಅನ್ನಲಿಲ್ಲ.

"ಅವ್ವಾ," ಅಂದ್ಳು ಬನವ್ವ, "ನನ್ನ ಗಿಣಿ ಕದ್ದಾರ. ನನ್ನ ಫೋಟೋ ಕೇಳ್ಯಾರ. ನಿನಗ ಹೇಳಬ್ಯಾಡ ಅಂದಾರ. ನಾ ನಿನಗ ಹೇಳಾಕತ್ತೀನಿ."

ಅವ್ವ ಮಗ್ಗದ ಕುಣಿಯಿಂದ ಎದ್ದು ಬಂದ್ಳು. ಮದುವಿ ಸೀರಿ ಹಂಗ ಬಿಟ್ಟು ಬಂದ್ಳು. ಹುಡುಗಿನ್ನ ಎತ್ತಿ ಅವಚಿಕೊಂಡ್ಳು. ನೀ ಮಧ್ಯಾಹ್ನ ಬಂದಾಗ ನಾ ತಲಿ ಎತ್ತಬೇಕಿತ್ತು ಅಂತ ಅತ್ತಳು. ತಾಯಿ ಅತ್ತಳು, ಮಗಳು ನಕ್ಕಳು. ನಿಜ ಹೇಳ್ತೀನಿ, ನಕ್ಕಳು. ಎದಿ ಮ್ಯಾಲಿನ ಕಲ್ಲು ಇಳದಿತ್ತು.

ಮಾಡದಾಗಿನ ಫೋನ್ ತಗದ್ರು. ಬೆಲ್ಲದಚ್ಚು ಮತ್ತ ಬರದಿತ್ತು, ಹೊತ್ತು ಮುಳುಗಾಕತ್ತೈತಿ, ಫೋಟೋ ಎಲ್ಲಿ ಅಂತ. ಅವ್ವಗ ಸಿಟ್ಟು ಬಂತು, ಬೈದು ಬರೀತೀನಿ ಅಂದ್ಳು. ಹಸೀನಾಕ್ಕ ಬ್ಯಾಡ ಅಂದ್ಳು. ಅದರ ಮಾತಿಗೆ ಉತ್ತರ ಕೊಡಬಾರದು, ಅದು ಬರದದ್ದನ್ನ ಅಳಸಲೂಬಾರದು, ನಾಳೆ ಸಾಲಿ ಟೀಚರಿಗೆ ತೋರಸೋಣ, ಪೊಲೀಸರಿಗೂ ತೋರಸೋಣ ಅಂದ್ಳು. ಆಮ್ಯಾಲ ಆಟದಾಗ ದೂರು ಕೊಡೂ ಗುಂಡಿ ಹುಡುಕಿದ್ರು. ಅವ್ವ ಒತ್ತಿದ್ಳು. ನಮ್ಮ ಹುಡುಗಿ ಗಿಣಿ ಕದ್ದಾರ ಅಂತ ಬರದ್ಳು. ಬೆಲ್ಲದಚ್ಚು ಇನ್ನ ಬರದಂಗ ಆಟದೊಳಗ ಅದಕ್ಕ ಬಾಗಿಲು ಹಾಕಿದ್ಳು. ಹೊಸ ಬೀಗದ ಗೀಟು ಬನವ್ವ ಎಳದ್ಳು. ಈ ಸಲ ರಂಗೋಲಿ ಅಲ್ಲ, ನವಿಲಲ್ಲ, ಕಮಲ ಅಲ್ಲ, ಎಲ್ಲೂ ಇಲ್ಲದ ಸೊಟ್ಟ ಗೀಟು. ಅವ್ವಗ ತೋರಸಿದ್ಳು. ಬ್ಯಾರೆ ಯಾರಿಗೂ ಇಲ್ಲ. ಹುಲಿಗೆವ್ವ ಇಣುಕಿ ನೋಡಾಕ ಬಂದ್ಳು, ಆಕಿಗೂ ಇಲ್ಲ.

ಹೊತ್ತು ಮುಳುಗಿತು. ಏನೂ ಆಗಲಿಲ್ಲ. ಅವ್ವ ಬನವ್ವಗ ರೊಟ್ಟಿ ತಿನಸಿದ್ಳು, ತುತ್ತು ಸಲೀಸಾಗಿ ಇಳೀತು. ಹುಡುಗಿ ಗಡದ್ದಾಗಿ ಮಲಗಿದ್ಳು.

ಮಾತು ಆತು. ಇನ್ನ ಕೆಲಸ. ಹೇಳ್ರಿ ನನ್ನ ಕೂಡ.

ಹಸೀನಾಕ್ಕ ತೂತು ಮುಚ್ಚಿದ್ಳು, ಗವಿಸಿದ್ದಗ ಗಾಳಿ ಬಂತು. ಗವಿಸಿದ್ದ ಟಂಟಂ ಬಿಟ್ಟ, ಹುಲಿಗೆವ್ವಗ ಗಾಡಿ ಬಂತು. ಹುಲಿಗೆವ್ವ ಹೇರಿ ಕಳಸಿದ್ಳು, ತಿಪ್ಪಣ್ಣಗ ಕಟಗಿ ಬಂತು. ತಿಪ್ಪಣ್ಣ ಹಂಡೆ ಕುದಿಸಿದ, ಅಜ್ಜಿಗೆ ನೂಲು ಬಂತು. ಅಜ್ಜಿ ರಾಟಿ ತಿರುವಿದ್ಳು, ಅವ್ವಗ ಕಂಡಿಕಿ ಬಂತು. ಅವ್ವ ಲಾಳಿ ಒಗದ್ಳು, ಖಟಕ್ ಪಟಕ್, ಖಟಕ್ ಪಟಕ್.

ಮರುದಿನ ಅವ್ವ ಟೀಚರಿಗೂ ಪೊಲೀಸರಿಗೂ ತೋರಸಿ ಬಂದ್ಳು. ಸಾಲಿ ಬಿಟ್ಟ ಮ್ಯಾಲ ಫೋನ್ ಟಿಂಗ್ ಅಂತು, ದೂರು ಓದಿ ಆಟದವರು ಉತ್ತರ ಬರದಿದ್ರು. ಅವ್ವ ಲಾಳಿ ನಿಲ್ಲಿಸಿದ್ಳು. ತಾಯಿ ಮಗಳು ಕೂಡಿ ಆಟ ತಗದ್ರು. ಗಿಡ ಐತಿ. ಎಲಿ ಐತಿ. ಗಿಡದಾಗ ಗಿಣಿ ಐತಿ. ಬನವ್ವ ಪ್ಯಾರಲ ಹಣ್ಣು ಕೊಟ್ಳು. ಗಿಣಿ "ಬನವ್ವಾ" ಅಂತು. ಅವ್ವನೂ "ಬನವ್ವಾ" ಅಂದ್ಳು.

ಬನವ್ವನ ಬಾಯಿ ಮತ್ತ ಬಡಬಡ ಆತು. ಅವ್ವಾ ಒಂದು ಮಾತೈತಿ, ಅವ್ವಾ ಇನ್ನೊಂದು ಮಾತೈತಿ. ಹರಟಿಮಲ್ಲಿ, ಮೂರು ಸೀರಿ ನೇಯೂವಷ್ಟು ಮಾತು. ಅವ್ವ ಎಲ್ಲಾ ಮಾತಿಗೂ ತಲಿ ಎತ್ತಿದ್ಳು.

ನನ್ನ ಕಥಿ ನಿಮ್ಮ ಕಿವಿಗೆ ಬಿತ್ತು, ನನ್ನ ಬಾಯಿ ಖಾಲಿ ಆತು. ಎಲ್ಲಾರೂ ಮನಿಗೆ ಓಡ್ರಿ. ತಡೀರಿ. ನಿಮ್ಮೊಳಗ ಯಾರರ ಗಂಟಲಾಗ ಏನರ ಸಿಕ್ಕೈತೇನು? ಇದ್ರ ಹೇಳ್ರಿ. ನನಗ ಯಾವ ಕೆಲಸನೂ ಇಲ್ಲ, ಇಲ್ಲೇ ಕುಂತೀನಿ.